ನಮ್ಮನೆ ಇಂಟರ್ನೆಟ್ಟಿನ ನಂಬರ್ ಯಾವುದು?

ಕೊಕ್ಕರ್ಣೆಯಲ್ಲಿ ಯಾರ ಮನೆಗೆ ಹೋಗಿ ಕರೆಂಟಿನ ಆರ್‌ಆರ್ ನಂಬರ್ ಕೇಳಿದರೂ ಮೆಸ್ಕಾಂ ಬಿಲ್ಲು ತಂದು ತೋರಿಸುತ್ತಾರೆ. ಗ್ಯಾಸಿನ ನಂಬರ್ ಕೇಳಿದರೆ ಪುಸ್ತಕ ಬರುತ್ತದೆ. ಇಂಟರ್ನೆಟ್ಟಿನ ನಂಬರ್ ಕೇಳಿದರೆ ಮಾತ್ರ ವೈಫೈ ಪಾಸ್‌ವರ್ಡ್ ಬರುತ್ತದೆ. ತಿಂಗಳು ತಿಂಗಳು ಐದಾರು ನೂರು ರೂಪಾಯಿ ಕಟ್ಟುವ ಸೇವೆಯ ಗುರುತು ಕಟ್ಟುವವರಿಗೇ ಗೊತ್ತಿರುವುದಿಲ್ಲ. ಕಂಪನಿ ಬದಲಿಸುವ ದಿನದವರೆಗೂ ಅದು ಬೇಕೆಂದು ಅನ್ನಿಸುವುದೂ ಇಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಊರಿನ ಮನೆಯ ಬ್ರಾಡ್‌ಬ್ಯಾಂಡ್ ಬದಲಿಸಲು ಹೊರಟೆ. ಹೊಸ ಕಂಪನಿಯ ಪರವಾಗಿ ಬಂದ ಹುಡುಗ ಚಾವಡಿಯಲ್ಲಿ ಕುಳಿತು ಕೇಳಿದ ಮೊದಲ ಪ್ರಶ್ನೆಯೇ, "ಈಗ ಇಪ್ಪು ಕನೆಕ್ಷನ್ ಯಾರದ್ದ್ ಅಕ್ಕ? ನಂಬ್ರ ಎಂತ?" ಅಮ್ಮ ನನ್ನ ಮುಖ ನೋಡಿದಳು. ಅಂಗಳದ ಕಂಬದಿಂದ ಮಾಡಿಗೆ ಮೂರು ತಂತಿ ಇಳಿದಿದ್ದವು: ಹಳೆಯ ಟೆಲಿಫೋನಿನ ತಾಮ್ರದ್ದು, ಕೇಬಲ್ ಟಿವಿಯದ್ದು, ಸಪೂರದ ಕಪ್ಪು ಫೈಬರ್. ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಹಣದ ವಿಷಯವೇ ಹೆಚ್ಚು.

ಮೊಬೈಲಿಗೆ ನಮ್ಮ ದೇಶದಲ್ಲಿ ನಂಬರ್ ಪೋರ್ಟಬಿಲಿಟಿ ಇದೆ. 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಗಿ 2011ರ ಜನವರಿ 20ಕ್ಕೆ ದೇಶಕ್ಕೆಲ್ಲ ಬಂತು. 1900ಕ್ಕೆ ಒಂದು ಎಸ್ಸೆಮ್ಮೆಸ್ ಕಳಿಸಿದರೆ ಕೋಡ್ ಬರುತ್ತದೆ, ಮಿಕ್ಕಿದ್ದನ್ನು ಕಂಪನಿಗಳೇ ನೋಡಿಕೊಳ್ಳುತ್ತವೆ. ಮನೆಯ ಬ್ರಾಡ್‌ಬ್ಯಾಂಡಿಗೆ ಇಂಥ ದಾರಿ ಇಲ್ಲ. ಬ್ರಿಟನ್ನಿನಲ್ಲಿ 2024ರ ಸೆಪ್ಟೆಂಬರ್ 12ರಿಂದ ‘ಒನ್ ಟಚ್ ಸ್ವಿಚ್’ ಎಂಬ ವ್ಯವಸ್ಥೆ ಜಾರಿಯಲ್ಲಿದೆ. ಅಲ್ಲಿ ಹೊಸ ಕಂಪನಿಗೆ ಹೇಳಿದರೆ ಸಾಕು, ಹಳೆಯದನ್ನು ಮುಗಿಸುವ ಕೆಲಸವೂ ಅವರದೇ. ನಮ್ಮಲ್ಲಿ ಹೊಸದನ್ನು ತೆಗೆದುಕೊಳ್ಳುವುದು ಒಂದು ವ್ಯವಹಾರ, ಹಳೆಯದನ್ನು ಮುಚ್ಚುವುದು ಬೇರೆಯೇ ವ್ಯವಹಾರ. ಎರಡನೆಯದನ್ನು ನಾವೇ ಮಾಡಬೇಕು. ಮಾಡದಿದ್ದರೆ ಹಳೆಯ ಖಾತೆಯಲ್ಲಿ ಬಿಲ್ಲು ಬೆಳೆಯುತ್ತದೆ, ಠೇವಣಿ ಅಲ್ಲೇ ಕೊಳೆಯುತ್ತದೆ. ಮುಚ್ಚಲು ಹೋದರೆ ಅವರು ಕೇಳುವುದು ಮನೆಯ ಹೆಸರನ್ನಲ್ಲ, ನಂಬರನ್ನು.

ಹಳ್ಳಿಯಲ್ಲಿ ಇನ್ನೊಂದು ತೊಡಕಿದೆ. ಬಿಲ್ಲಿನ ಮೇಲಿರುವುದು ದೊಡ್ಡ ಕಂಪನಿಯ ಹೆಸರು. ಕಂಬದಿಂದ ಕಂಬಕ್ಕೆ ಫೈಬರ್ ಎಳೆದವರು, ಮನೆಯೊಳಗಿನ ಮೋಡೆಮ್ ಪೆಟ್ಟಿಗೆ ಕೊಟ್ಟವರು, ಮರ ಬಿದ್ದಾಗ ಏಣಿ ಹಿಡಿದು ಬರುವವರು ಊರಿನ ಪಾಲುದಾರರು, ಹಲವು ಕಡೆ ಮೊದಲಿನ ಕೇಬಲ್ ಟಿವಿಯವರೇ. ಬಿಎಸ್ಎನ್ಎಲ್ ಫೈಬರ್ ಬಹುತೇಕ ಹಳ್ಳಿಗಳಿಗೆ ತಲುಪಿದ್ದು ಹೀಗೆಯೇ. ಈ ಏರ್ಪಾಡು ಇಲ್ಲದಿದ್ದರೆ ಸೀತಾನದಿಯ ದಂಡೆಯ ತೋಟದ ಮನೆಗಳಿಗೆ ಫೈಬರ್ ಬರಲು ಇನ್ನೂ ಎಷ್ಟು ವರ್ಷ ಬೇಕಿತ್ತೋ. ಆದರೆ ಗ್ರಾಹಕರ ದೃಷ್ಟಿಯಿಂದ ಖಾತೆ ಒಬ್ಬರಲ್ಲಿ, ಪೆಟ್ಟಿಗೆ ಇನ್ನೊಬ್ಬರಲ್ಲಿ. ಪಾಲುದಾರರಿಗೆ "ಸಾಕು, ತೆಗೀರಿ" ಎಂದು ಬಾಯಲ್ಲಿ ಹೇಳಿದರೆ ತಂತಿ ಹೋಗುತ್ತದೆ, ಖಾತೆ ಹೋಗುವುದಿಲ್ಲ.

ಹಾಗಾದರೆ ಗುರುತು ಸಿಗುವುದು ಎಲ್ಲಿ? ಮೊದಲು ಬಿಲ್ಲಿನಲ್ಲಿ. ಅಕೌಂಟ್ ನಂಬರ್ ಅಥವಾ ಕಸ್ಟಮರ್ ಐಡಿ, ಅದರ ಜೊತೆಗೆ ಯೂಸರ್ ಐಡಿ. ಇವು ಬೇರೆ ಬೇರೆ. ದುಡ್ಡಿನ ಲೆಕ್ಕ ಮೊದಲಿನದರಲ್ಲಿ, ಲಾಗಿನ್ ಎರಡನೆಯದರಲ್ಲಿ. ಬಿಎಸ್ಎನ್ಎಲ್ ಫೈಬರಿನ ಯೂಸರ್ ಐಡಿಯಲ್ಲಿ ಸಾಮಾನ್ಯವಾಗಿ ಎಸ್‌ಟಿಡಿ ಕೋಡ್ ಸಮೇತ ಫೋನ್ ನಂಬರೇ ಸೇರಿರುತ್ತದೆ. ಕಾಗದದ ಬಿಲ್ಲು ಬರುವುದು ನಿಂತಿದ್ದರೆ ದುಡ್ಡು ಕಟ್ಟಿದ ಯುಪಿಐ ರಸೀದಿ ತೆರೆದು ನೋಡಿ, ಅಲ್ಲೂ ಈ ನಂಬರ್ ಇರುತ್ತದೆ.

ಮುಂದಿನದು ಪೆಟ್ಟಿಗೆಯ ಅಡಿ. ಮಗುಚಿ ನೋಡಿದರೆ ಚೀಟಿಯಲ್ಲಿ ಹನ್ನೆರಡು ಅಕ್ಷರಗಳ ಸೀರಿಯಲ್ ನಂಬರ್. ಮೊದಲ ನಾಲ್ಕು ತಯಾರಕರ ಗುರುತು, ಉಳಿದ ಎಂಟು ಆ ಪೆಟ್ಟಿಗೆಯದು. ಹುವಾವೇ ಪೆಟ್ಟಿಗೆಯಾದರೆ ಎಚ್‌ಡಬ್ಲ್ಯುಟಿಸಿ. ಕೆಲವು ಕಡೆ ಅದನ್ನೇ ಅಂಕಿಯಲ್ಲಿ 48575443 ಎಂದು ಬರೆದಿರುತ್ತದೆ; ಎರಡೂ ಒಂದೇ. ಎಕ್ಸ್‌ಚೇಂಜಿನ ಯಂತ್ರ ನಮ್ಮ ಮನೆಯನ್ನು ಗುರುತಿಸುವುದು ಈ ನಂಬರಿನಿಂದ, ಅಮ್ಮನ ಹೆಸರಿನಿಂದಲ್ಲ. ಹಿಂದಿರುಗಿಸುವಾಗ ರಸೀದಿಯಲ್ಲಿ ಇದನ್ನು ಬರೆಸಿಕೊಳ್ಳಲೇಬೇಕು. ‘ಒಂದು ಮೋಡೆಮ್ ಸ್ವೀಕರಿಸಲಾಗಿದೆ’ ಎಂದಷ್ಟೇ ಬರೆದುಕೊಟ್ಟರೆ ನಾಳೆ ಪೆಟ್ಟಿಗೆಯ ಬೆಲೆಯನ್ನು ಠೇವಣಿಯಲ್ಲಿ ಹಿಡಿದುಕೊಂಡಾಗ ಕೇಳಲು ಆಧಾರ ಇರುವುದಿಲ್ಲ.

ತಂತಿಯ ಆ ಕಡೆ ಯಾರಿದ್ದಾರೆ ಎಂಬುದೇ ಸಂಶಯವಾದರೆ, ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈಗೆ ಸೇರಿಸಿ, ನಮ್ಮ ಐಪಿ ವಿಳಾಸ ಯಾರದೆಂದು ತೋರಿಸುವ ಯಾವುದಾದರೂ ತಾಣ ತೆರೆಯಿರಿ. ಬಿಎಸ್ಎನ್ಎಲ್ ಆಗಿದ್ದರೆ ‘ನ್ಯಾಷನಲ್ ಇಂಟರ್ನೆಟ್ ಬ್ಯಾಕ್‌ಬೋನ್’ ಎಂಬ ಹೆಸರು, ಎಎಸ್ 9829 ಎಂಬ ಸಂಖ್ಯೆ ಕಾಣುತ್ತದೆ. ಡೇಟಾ ಆಫ್ ಮಾಡುವುದನ್ನು ಮರೆತರೆ ಸಿಮ್ಮಿನ ಕಂಪನಿಯ ಹೆಸರು ಬಂದು ದಾರಿ ತಪ್ಪುತ್ತದೆ. ಇದನ್ನು ನೋಡಿಕೊಳ್ಳಲು ಇನ್ನೊಂದು ಕಾರಣವಿದೆ: ‘ಬೇರೆ ಕಂಪನಿ’ ಎಂದು ನಾವು ಹೋಗುವುದು ಎಷ್ಟೋ ಸಲ ಅದೇ ಪಾಲುದಾರರ ಅದೇ ಫೈಬರಿಗೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಇಂಟರ್ನೆಟ್ ಇಲ್ಲ ಎಂಬುದೇ ನಿಮ್ಮ ತೊಂದರೆಯಾದರೆ, ಹೆಸರು ಬದಲಿಸಿದ್ದಕ್ಕೆ ಮರ ಬೀಳುವುದು ನಿಲ್ಲುವುದಿಲ್ಲ. ಬೇರೆ ದಾರಿಯಲ್ಲಿ ಬರುವ ತಂತಿಯೇ ಎಂದು ಕೇಳಿಕೊಂಡು ದುಡ್ಡು ಕೊಡಿ.

ನಮ್ಮ ಮನೆಯಲ್ಲಿ ನಿಜವಾದ ಗಂಟು ಇದ್ದದ್ದು ಹೆಸರಿನಲ್ಲಿ. ಕನೆಕ್ಷನ್ ಅಪ್ಪಯ್ಯನ ಹೆಸರಲ್ಲೇ ಇತ್ತು. ಅಪ್ಪಯ್ಯ ಲ್ಯಾಂಡ್‌ಲೈನಿಗೆ ಅರ್ಜಿ ಹಾಕಿದ ಕಾಲದಲ್ಲಿ ಡಿಮಾಂಡ್ ನೋಟ್ ಬಂದ ದಿನವೇ ಮನೆಯಲ್ಲಿ ಸಂಭ್ರಮ. ಆಗ ಅದು ದೂರಸಂಪರ್ಕ ಇಲಾಖೆ. 2000ದ ಅಕ್ಟೋಬರ್ 1ಕ್ಕೆ ಬಿಎಸ್ಎನ್ಎಲ್ ಆಯಿತು, ಹಳೆಯ ಫೋನುಗಳ ಖಾತೆಯೂ ಅದರೊಂದಿಗೆ ಬಂತು. ತಾಮ್ರ ಹೋಗಿ ಫೈಬರ್ ಬಂದಾಗಲೂ ಹೆಸರು ಬದಲಾಗಲಿಲ್ಲ. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಇದೇ ಕತೆ: ತೀರಿಹೋದವರ ಹೆಸರಲ್ಲಿ ಕನೆಕ್ಷನ್, ಬೊಂಬಾಯಿಯಲ್ಲೋ ಬೆಂಗಳೂರಲ್ಲೋ ಇರುವ ಮಗನ ಫೋನಿನಿಂದ ಬಿಲ್ಲು, ಒಟಿಪಿ ಹೋಗುವುದು ಯಾರೂ ಬಳಸದ ಇನ್ನೊಂದು ಸಿಮ್ಮಿಗೆ. ಮುಚ್ಚಲು ಹೋದರೆ ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ, ಗುರುತಿನ ಚೀಟಿ ಕೇಳುತ್ತಾರೆ. ಕೇಳುವುದು ನ್ಯಾಯವೇ, ಠೇವಣಿಯ ದುಡ್ಡು ಯಾರ ಕೈಗೆ ಹೋಗಬೇಕೆಂದು ತೀರ್ಮಾನವಾಗಬೇಕಲ್ಲ. ಆದರೆ ಇದನ್ನು ಕಂಪನಿ ಬದಲಿಸುವ ವಾರದಲ್ಲಿ ಮಾಡಲು ಹೋಗಬೇಡಿ. ಮೊದಲು ಹೆಸರನ್ನು ಮನೆಯಲ್ಲಿ ಇರುವವರಿಗೆ ವರ್ಗಾಯಿಸಿಕೊಳ್ಳಿ, ಆಮೇಲೆ ಬದಲಾವಣೆ. ನಾನು ಅಮ್ಮನ ಹೆಸರಿಗೆ ಮಾಡಿಸಿದೆ, ಬ್ಯಾಂಕ್ ಖಾತೆಯೂ ಅವಳದೇ ಕೊಟ್ಟೆ. ಠೇವಣಿ ವಾಪಸಿಗೆ ಟ್ರಾಯ್ ನಿಯಮದಲ್ಲಿ ಗಡುವು ಇದೆ. ಆ ಗಡುವು ಎಣಿಸಲು ಶುರುವಾಗುವುದು ಕನೆಕ್ಷನ್ ಮುಚ್ಚಿದ ದಿನದಿಂದ. ಆದ್ದರಿಂದ ದಿನಾಂಕ ಹಾಕಿದ ಸ್ವೀಕೃತಿ ಬೇಕು.

ಹಳೆಯ ತಂತಿ ತೆಗೆಯುವ ದಿನ ಒಂದು ಅನಾಹುತ ಆಯಿತು. ರಸ್ತೆಬದಿಯ ಕಂಬದ ಪೆಟ್ಟಿಗೆಯಲ್ಲಿ ಒಂದು ಫೈಬರ್ ಹಲವು ಮನೆಗಳಿಗೆ ಕವಲೊಡೆಯುತ್ತದೆ. ಎಲ್ಲದರ ತುದಿಗೂ ಒಂದೇ ಹಸಿರು ಕನೆಕ್ಟರ್, ಹೆಸರಿನ ಚೀಟಿ ಇಲ್ಲ. ಬಂದವರು ಕಳಚಿದ್ದು ನೆರೆಮನೆಯದ್ದನ್ನು. ಆ ಮನೆಯ ಸೊಸೆ ಮನೆಯಿಂದಲೇ ಕೆಲಸ ಮಾಡುವವಳು, ಒಂದು ದಿನದ ಕೆಲಸ ಕೆಟ್ಟಿತು. ಅವಳ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿದ್ದರಿಂದಲೇ ವಿಷಯ ತಿಳಿದದ್ದು. ನಿಮ್ಮ ಪೆಟ್ಟಿಗೆಯ ದೀಪ ಉರಿಯುತ್ತಿರುವಾಗಲೇ ಕಂಬದಲ್ಲಿ ಕಳಚಲು ಹೇಳಿ. ನಿಮ್ಮಲ್ಲಿ ಎಲ್‌ಒಎಸ್ ದೀಪ ಕೆಂಪಾದರೆ ಅದು ನಿಮ್ಮದೇ. ಹೊಸ ತಂತಿಗೆ ಎರಡೂ ತುದಿಯಲ್ಲಿ ಮನೆಯ ಹೆಸರು ಬರೆದ ಚೀಟಿ ಕಟ್ಟಿಸಿ.

ದುಡ್ಡಿನ ಲೆಕ್ಕಕ್ಕೆ ಬರುತ್ತೇನೆ. 449 ರೂಪಾಯಿಯ ಪ್ಲ್ಯಾನ್ ಎಂದರೆ ಶೇ. 18 ಜಿಎಸ್‌ಟಿ ಸೇರಿ 529 ರೂಪಾಯಿ 82 ಪೈಸೆ. ಹೋಲಿಸುವಾಗ ತೆರಿಗೆ ಸೇರಿಸಿಯೇ ಹೋಲಿಸಿ. ಹಳೆಯದು, ಹೊಸದು ಎರಡೂ ಕೆಲವು ದಿನ ಒಟ್ಟಿಗೆ ನಡೆಯಲಿ. ಆ ಅರ್ಧ ತಿಂಗಳ ದುಡ್ಡು ದಂಡ ಅಲ್ಲ. ಹೊಸತು ನಮ್ಮ ಮಳೆ, ಸಿಡಿಲು, ಕರೆಂಟು ಕಣ್ಣುಮುಚ್ಚಾಲೆಗಳ ನಡುವೆ ನಿಲ್ಲುತ್ತದೆಯೇ ಎಂದು ತಿಳಿಯಲು ಬೇರೆ ದಾರಿ ಇಲ್ಲ. ಅದೇ ಕಾರಣಕ್ಕೆ ವರ್ಷದ ದುಡ್ಡು ಮುಂಗಡ ಕಟ್ಟಿದರೆ ಒಂದು ತಿಂಗಳು ಉಚಿತ ಎಂಬ ಮಾತಿಗೆ ಒಂದು ಮಳೆಗಾಲ ಕಳೆಯುವವರೆಗೆ ಒಪ್ಪಬೇಡಿ ಎನ್ನುತ್ತೇನೆ. ಹಳೆಯ ಖಾತೆಗೆ ಬ್ಯಾಂಕಿನಿಂದ ತಾನಾಗಿ ಹಣ ಹೋಗುವ ಆಟೊಪೇ ಇದ್ದರೆ ಕೊನೆಯ ಬಿಲ್ಲು ತೀರಿದ ಮೇಲೆ ರದ್ದು ಮಾಡಿ, ಮೊದಲಲ್ಲ.

ಹೊಸ ಪೆಟ್ಟಿಗೆಗೆ ಹಳೆಯ ವೈಫೈ ಹೆಸರು, ಪಾಸ್‌ವರ್ಡುಗಳನ್ನೇ ಇಡಲು ಹೇಳಿದರೆ ಟಿವಿ, ಕ್ಯಾಮೆರಾ, ಅಮ್ಮನ ಫೋನು ಎಲ್ಲ ತಾವಾಗಿ ಸೇರಿಕೊಳ್ಳುತ್ತವೆ. ಹೊಸ ಅರ್ಜಿಯಲ್ಲಿ ‘ದೇವಸ್ಥಾನದ ಹತ್ತಿರ’ ಎಂದಷ್ಟೇ ಬರೆಸಬೇಡಿ. ಒಂದೇ ಪಿನ್‌ಕೋಡಿನಲ್ಲಿ ಹಲವು ಊರು, ಒಂದೇ ಊರಿನಲ್ಲಿ ಒಂದೇ ಹೆಸರಿನ ಎರಡು ಮನೆ ನಮ್ಮಲ್ಲಿ ಇದ್ದದ್ದೇ. ಪಂಚಾಯತಿ ತೆರಿಗೆ ರಸೀದಿಯಲ್ಲಿರುವ ಮನೆ ನಂಬರನ್ನೇ ಹಾಕಿಸಿ. ಮೊದಲ ಬಿಲ್ಲು ಬಂದ ದಿನ ಹೆಸರು, ವಿಳಾಸ, ಒಟಿಪಿ ಬರುವ ಮೊಬೈಲ್ ಸಂಖ್ಯೆ, ಈ ಮೂರನ್ನೂ ಓದಿ ನೋಡಿ, ತಪ್ಪಿದ್ದರೆ ಆ ವಾರವೇ ತಿದ್ದಿಸಿ.