ಇಂದಿನ ಧಮ್ಮ ಚಿಂತನೆ: ಆನಾಪಾನಸತಿ – ಹೊಸದಾಗಿ ಕೂರುವವರಿಗೆ



ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಧ್ಯಾನದ ಮಾತು ಬಂದಾಗ ಹಿಂದೆ ಕೂತಿದ್ದ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ನಮ್ಮೂರಲ್ಲಿ ಇನ್ನೂ ಕ್ಷೌರದಂಗಡಿ ಕುರ್ಚಿ ನಮಗೆ ಸಿಗಲ್ಲ. ತಲೆಗೂದಲು ಕತ್ತರಿಸೋಕೆ ಬಸ್ಸು ಹತ್ತಿ ಟೌನಿಗೆ ಬರ್ತೀವಿ. ಕಣ್ಮುಚ್ಚಿ ಉಸಿರು ನೋಡ್ತಾ ಕೂತ್ರೆ ಆ ಕುರ್ಚಿ ಸಿಗುತ್ತಾ?"

ಯಾರೂ ನಗಲಿಲ್ಲ. ನಾನು ಆಗ ಏನೋ ಒಂದು ಉತ್ತರ ಹೇಳಿದೆ. ಅದು ನನಗೇ ಒಪ್ಪಿಗೆಯಾಗಲಿಲ್ಲ. ನಾಲ್ಕು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ.

ಸಿಗುವುದಿಲ್ಲ ತಮ್ಮಾ. ಉಸಿರು ನೋಡಿದರೆ ಕುರ್ಚಿ ಸಿಗುವುದಿಲ್ಲ. ಅದಕ್ಕೆ ಸಂವಿಧಾನದ 15 ಮತ್ತು 17ನೇ ವಿಧಿಗಳಿವೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ನಾವೆಲ್ಲ ಒಟ್ಟಿಗೆ ಹೋಗಿ ಕೇಳುವ ಶಕ್ತಿ ಇದೆ. ಧ್ಯಾನ ಆ ಕೆಲಸಕ್ಕೆ ಬದಲಿಯಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡ. ಆದರೆ ಆ ಕೆಲಸ ಮಾಡಬೇಕಾದವನ ಮೈ ಮನಸ್ಸು ಯಾವ ಸ್ಥಿತಿಯಲ್ಲಿದೆ ಎಂಬುದು ಇನ್ನೊಂದು ಪ್ರಶ್ನೆ. ಇವತ್ತಿನ ಪಾಠ ಅದರ ಬಗ್ಗೆ.

ಕನ್ನಡ ಮೇಷ್ಟ್ರಾದ್ದರಿಂದ ಪದದಿಂದಲೇ ಶುರು ಮಾಡುತ್ತೇನೆ. ನಮ್ಮ ಭಾಷೆಯಲ್ಲಿ ಉಸಿರು ಅಂದರೆ ಬರೀ ಗಾಳಿಯಲ್ಲ, ಮಾತು ಕೂಡ. "ಉಸಿರೆತ್ತಬೇಡ" ಅಂದರೆ ಬಾಯಿ ಬಿಡಬೇಡ ಎಂದರ್ಥ. ಈ ಮಾತನ್ನು ನಮ್ಮ ಹಿರಿಯರಷ್ಟು ಕೇಳಿಸಿಕೊಂಡವರು ಬೇರೆ ಯಾರಿದ್ದಾರೆ? ನಾನು ಚಿಕ್ಕವನಿದ್ದಾಗ ಅಪ್ಪ ಕೂಲಿಯ ರಾಗಿ ಕೇಳಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಜಮೀನಿನ ಯಜಮಾನರ ಅಂಗಳದಾಚೆ ನಿಲ್ಲುತ್ತಿದ್ದೆವು. ಯಜಮಾನರು ಹೊರಗೆ ಬಂದ ಕೂಡಲೇ ಅಪ್ಪನ ಕೈ ನನ್ನ ಕೈಯನ್ನು ಗಟ್ಟಿಯಾಗಿ ಅಮುಕುತ್ತಿತ್ತು, ನನ್ನ ಹೊಟ್ಟೆ ಕಲ್ಲಾಗುತ್ತಿತ್ತು. ಉಸಿರು ಬಿಗಿ ಹಿಡಿಯುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಆ ಅಂಗಳದಲ್ಲಿ ತಾನಾಗೇ ಬಂತು.

ಎಂ.ಎ. ಆಯಿತು, ಕೆಲಸ ಆಯಿತು. ಆದರೆ ಸ್ಟಾಫ್ ರೂಮಿನಲ್ಲಿ ಯಾರಾದರೂ ನಗುತ್ತಾ "ನಿಮಗೇನ್ ಬಿಡಿ, ಕೋಟಾ ಇದೆ" ಅಂದಾಗ ಅದೇ ಹೊಟ್ಟೆ ಅದೇ ರೀತಿ ಕಲ್ಲಾಗುತ್ತಿತ್ತು. ಹೇಳಬೇಕಾದ ಉತ್ತರ ಗೊತ್ತಿತ್ತು, ಗಂಟಲಿನಿಂದ ಹೊರಡುತ್ತಿರಲಿಲ್ಲ. ಅದು ಹೊರಡುತ್ತಿದ್ದುದು ರಾತ್ರಿ ಎರಡು ಗಂಟೆಗೆ, ಹಾಸಿಗೆಯಲ್ಲಿ. ಇಲ್ಲವೇ ಸಂಜೆ ಮನೆಯಲ್ಲಿ, ಏನೂ ತಪ್ಪು ಮಾಡದ ಮಗಳ ಮೇಲೆ. ಒಂದು ದಿನ ಅವಳು ಅವ್ವನ ಹಿಂದೆ ಬಚ್ಚಿಟ್ಟುಕೊಂಡು ನನ್ನನ್ನು ನೋಡಿದ ನೋಟದಲ್ಲಿ ನನಗೆ ಆ ಅಂಗಳದ ಹುಡುಗನೇ ಕಂಡ. ನಾನು ಆನಾಪಾನಸತಿಗೆ ಕೂತಿದ್ದು ನಿಬ್ಬಾಣದ ಆಸೆಯಿಂದಲ್ಲ. ಆ ನೋಟದಿಂದ.

ಈಗ ಪದದ ಅರ್ಥ. ಪಾಲಿಯಲ್ಲಿ ಆನ ಅಂದರೆ ಒಳಗೆ ಬರುವ ಉಸಿರು, ಅಪಾನ ಅಂದರೆ ಹೊರಗೆ ಹೋಗುವ ಉಸಿರು, ಸತಿ ಅಂದರೆ ಎಚ್ಚರ, ಅರಿವು. ನಮ್ಮ ಬಳಗದ ಅಜ್ಜಿಯೊಬ್ಬರು "ಸತಿ ಅಂದ್ರೆ ಹೆಂಡ್ತಿ ಅಲ್ವಾ ಮೇಷ್ಟ್ರೇ, ಗಂಡನ ಚಿತೆಗೆ ಬೀಳೋದಲ್ವಾ?" ಎಂದು ಗಾಬರಿಯಿಂದ ಕೇಳಿದ್ದರು. ಅಲ್ಲ ಅವ್ವಾ. ಸಂಸ್ಕೃತದ 'ಸ್ಮೃತಿ' ಪಾಲಿಯಲ್ಲಿ 'ಸತಿ' ಆಗಿದೆ. ಸ್ಮೃತಿ ಅಂದ ಕೂಡಲೇ ಮನು ನೆನಪಾಗುವುದೂ ಬೇಡ. ಇಲ್ಲಿ ಅದು ಮನಸ್ಸು ಇದ್ದಲ್ಲೇ ಇರುವುದು, ಅಷ್ಟೇ.

ಮಜ್ಝಿಮ ನಿಕಾಯದ 118ನೇ ಸುತ್ತ ಆನಾಪಾನಸತಿ ಸುತ್ತ. ವಿಶಾಖೆ ಕಟ್ಟಿಸಿದ ಶ್ರಾವಸ್ತಿಯ ಪೂರ್ವಾರಾಮದಲ್ಲಿ, ಹುಣ್ಣಿಮೆಯ ರಾತ್ರಿ, ಬಯಲಿನಲ್ಲಿ ಕೂತ ಭಿಕ್ಷುಗಳಿಗೆ ಭಗವಾನರು ಹೇಳಿದ್ದು. ಅದರಲ್ಲಿ 16 ಹಂತಗಳಿವೆ. ಹೊಸಬರಿಗೆ ಮೊದಲ ನಾಲ್ಕು ಸಾಕು, ನನಗೂ ಇನ್ನೂ ಅವೇ ಸಾಕಾಗಿವೆ. ಉಸಿರು ಉದ್ದವಿದ್ದರೆ ಉದ್ದವಿದೆ ಎಂದು ತಿಳಿಯುವುದು, ಗಿಡ್ಡವಿದ್ದರೆ ಗಿಡ್ಡವಿದೆ ಎಂದು ತಿಳಿಯುವುದು, ಇಡೀ ಮೈಯನ್ನು ಅರಿಯುತ್ತಾ ಉಸಿರಾಡುವುದು, ಮೈಯ ಬಿಗಿ ಸಡಿಲವಾಗಲು ಬಿಡುತ್ತಾ ಉಸಿರಾಡುವುದು. ಗಮನಿಸಿ, ಗಿಡ್ಡ ಉಸಿರನ್ನು ಉದ್ದ ಮಾಡು ಎಂದು ಅಲ್ಲಿಲ್ಲ. ತಿಳಿ ಎಂದಷ್ಟೇ ಇದೆ.

ಇದು ಯಾಕೆ ಮುಖ್ಯ ಎಂದರೆ, ಉಸಿರನ್ನು ಬಲವಂತ ಮಾಡುವ ದಾರಿಯನ್ನು ಸಿದ್ಧಾರ್ಥ ಗೌತಮರೇ ಮೊದಲು ಹಿಡಿದು ನೋಡಿದ್ದರು. ಮಹಾಸಚ್ಚಕ ಸುತ್ತದಲ್ಲಿ (ಮಜ್ಝಿಮ ನಿಕಾಯ, 36) ಅವರೇ ಅದನ್ನು ಹೇಳಿಕೊಳ್ಳುತ್ತಾರೆ. ಹಲ್ಲು ಕಚ್ಚಿ, ನಾಲಗೆಯನ್ನು ಅಂಗಳಕ್ಕೆ ಒತ್ತಿ ಮನಸ್ಸನ್ನು ಅದುಮಿದರು, ಕಂಕುಳಿಂದ ಬೆವರು ಹರಿಯಿತು. ಬಾಯಿ ಮೂಗುಗಳ ಉಸಿರು ಕಟ್ಟಿದರು, ಕಮ್ಮಾರನ ತಿದಿಯಂತೆ ಕಿವಿಯಲ್ಲಿ ಗಾಳಿ ಮೊರೆಯಿತು. ತಲೆಗೆ ಚರ್ಮದ ಪಟ್ಟಿ ಕಟ್ಟಿ ಬಿಗಿದಂತೆ ನೋವಾಯಿತು. ಅನ್ನ ತೀರಾ ಕಡಿಮೆ ಮಾಡಿ ಎಲುಬಾದರು. ಇದು ದಾರಿಯಲ್ಲ ಎಂದು ಕಂಡಾಗ ಅವರಿಗೆ ಬಾಲ್ಯದ ಒಂದು ದಿನ ನೆನಪಾಯಿತು. ತಂದೆ ಕೆಲಸದಲ್ಲಿದ್ದಾಗ, ನೇರಳೆ ಮರದ ತಂಪು ನೆರಳಿನಲ್ಲಿ, ಯಾವ ಬಲವಂತವೂ ಇಲ್ಲದೆ ಮನಸ್ಸು ತಾನಾಗಿ ನೆಲೆ ನಿಂತ ದಿನ. ದಾರಿ ಅದೇ ಇರಬಹುದು ಎಂದು ಹೊಳೆಯಿತು. ಆಮೇಲೆ ಊಟ ಮಾಡಿದರು.

ಆ ಹುಡುಗನಿಗೆ ವಿಶೇಷವಾಗಿ ಹೇಳಬೇಕಾದ್ದು ಇಲ್ಲಿದೆ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದ ಮೊದಲ ಭಾಗದಲ್ಲಿ ಬಾಬಾಸಾಹೇಬರು ಸಿದ್ಧಾರ್ಥನ ಬಾಲ್ಯ ಬರೆಯುವಾಗ ಅದೇ ತಂದೆಯ ಹೊಲಕ್ಕೆ ನಮ್ಮನ್ನು ಕರೆದೊಯ್ಯುತ್ತಾರೆ. ಬಿಡುವಾದಾಗ ಒಬ್ಬನೇ ಕೂತು ಧ್ಯಾನ ಮಾಡುವ ಹುಡುಗನನ್ನೂ ತೋರಿಸುತ್ತಾರೆ, ಸುಡುವ ಬಿಸಿಲಿನಲ್ಲಿ ಅರೆಬಟ್ಟೆಯಲ್ಲಿ ದುಡಿಯುವ ಆಳುಗಳನ್ನು ಕಂಡು, ಒಬ್ಬರ ದುಡಿಮೆಯ ಫಲವನ್ನು ಇನ್ನೊಬ್ಬರು ಉಣ್ಣುವುದು ಸರಿಯೇ ಎಂದು ಗೆಳೆಯರನ್ನು ಕೇಳುವ ಹುಡುಗನನ್ನೂ ತೋರಿಸುತ್ತಾರೆ. ಇಬ್ಬರೂ ಒಬ್ಬನೇ. ಬಾಬಾಸಾಹೇಬರು ಧ್ಯಾನವನ್ನು ತೆಗೆದುಹಾಕಲಿಲ್ಲ, ಅದಕ್ಕೊಂದು ಷರತ್ತು ಹಾಕಿದರು. ಬರೀ ಸಮಾಧಿ ಮನಸ್ಸಿನ ಅಡ್ಡಿಗಳನ್ನು ತಾತ್ಕಾಲಿಕವಾಗಿ ಮಾತ್ರ ತಡೆಯುತ್ತದೆ, ಸಮ್ಮಾ ಸಮಾಧಿ ಮನಸ್ಸಿಗೆ ಒಳ್ಳೆಯದನ್ನೇ ಯೋಚಿಸುವ ಅಭ್ಯಾಸ ಹಿಡಿಸಬೇಕು ಎಂಬುದು ಅವರ ವಿವರಣೆ. ಕೂತು ಎದ್ದ ಮೇಲೆ ನಮ್ಮ ನಡೆ ಬದಲಾಗದಿದ್ದರೆ ಅದು ಒಳ್ಳೆಯ ನಿದ್ದೆಗಿಂತ ಹೆಚ್ಚೇನಲ್ಲ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. (ನಿದ್ದೆಯೂ ಕೆಟ್ಟದ್ದಲ್ಲ ಬಿಡಿ.)

ಇನ್ನು ಕೂರುವುದು ಹೇಗೆ. ಇದಕ್ಕೆ ಮಂತ್ರ ಬೇಡ, ಊದುಬತ್ತಿ ಬೇಡ, ಗುರುವಿನ ಫೋಟೊ ಬೇಡ. ನೆಲದ ಮೇಲೆ ಕಾಲು ಮಡಚಿ ಕೂರಿ. ಮಂಡಿ ನೋವಿದ್ದವರು ಕುರ್ಚಿಯಲ್ಲಿ ಪಾದ ನೆಲಕ್ಕೆ ತಾಗುವಂತೆ ಕೂರಿ, ಪುಣ್ಯವೇನೂ ಕಡಿಮೆಯಾಗುವುದಿಲ್ಲ. ಬೆನ್ನು ನೆಟ್ಟಗಿರಲಿ, ಪೆರೇಡಿನಂತೆ ಸೆಟೆಯುವುದು ಬೇಡ. ಬೆಳಿಗ್ಗೆ ತಿಂಡಿಗೆ ಮುಂಚೆ ಹತ್ತು ನಿಮಿಷ. ಫೋನು ಪಕ್ಕದ ಕೋಣೆಯಲ್ಲಿರಲಿ, ಗುಡ್ ಮಾರ್ನಿಂಗ್ ಹೂವುಗಳಿಗೆ ಆಮೇಲೆ ಉತ್ತರ ಕೊಟ್ಟರಾಯಿತು.

ಮೊದಲು ಎರಡು ಮೂರು ಸಲ ಉಸಿರನ್ನು ನಿಧಾನವಾಗಿ, ಪೂರ್ತಿ ಹೊರಗೆ ಬಿಡಿ, ಸೌದೆ ಹೊರೆ ಇಳಿಸಿದವರು ಬಿಡುತ್ತಾರಲ್ಲ ಹಾಗೆ. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ಸ್ವಲ್ಪ ನಿಧಾನವಾಗುತ್ತದೆ. ನಿಟ್ಟುಸಿರು ಬಿಟ್ಟಾಗ ನಮಗೆ ಹಗುರ ಅನ್ನಿಸುತ್ತದೆ. ಅಷ್ಟಾದ ಮೇಲೆ ಉಸಿರನ್ನು ಅದರ ಪಾಡಿಗೆ ಬಿಟ್ಟುಬಿಡಿ. ಮೂಗಿನ ತುದಿಯಲ್ಲಿ ಅದು ತಾಗುವ ಜಾಗವನ್ನು ಗಮನಿಸಿ. ಒಳಗೆ ಬರುವಾಗ ತಣ್ಣಗೆ, ಹೊರಗೆ ಹೋಗುವಾಗ ಸ್ವಲ್ಪ ಬೆಚ್ಚಗೆ.

ಮನಸ್ಸು ಓಡುತ್ತದೆ. ಎಲ್ಲರದೂ ಓಡುತ್ತದೆ. ಅದಕ್ಕೆ ಆಚಾರ್ಯ ಬುದ್ಧಘೋಷರು 'ವಿಸುದ್ಧಿಮಗ್ಗ'ದಲ್ಲಿ ಎಣಿಕೆ ಹೇಳಿಕೊಟ್ಟಿದ್ದಾರೆ. ಐದಕ್ಕಿಂತ ಮುಂಚೆ ನಿಲ್ಲಿಸಬಾರದು, ಹತ್ತು ದಾಟಬಾರದು. ಮೊದಲು ಧಾನ್ಯ ಅಳೆಯುವವನಂತೆ ನಿಧಾನವಾಗಿ ಎಣಿಸಬೇಕು ಎನ್ನುತ್ತಾರೆ. ಇದನ್ನು ಓದಿದಾಗ ನನಗೆ ನಮ್ಮೂರ ಕಣ ಕಣ್ಣಿಗೆ ಬಂತು. ಕಣದಲ್ಲಿ ಅಳೆಯುವವರು ಒಂದು ಎನ್ನದೆ "ಲಾಭ" ಎಂದು ಶುರು ಮಾಡಿ, ಎರಡು, ಮೂರು ಎಂದು ರಾಗವಾಗಿ ಹೋಗುತ್ತಾರಲ್ಲ, ಅದೇ ನಿಧಾನ. ಬಳ್ಳದಲ್ಲಿ ಕಸ ಕಂಡರೆ ತೆಗೆದು ಎಸೆಯುತ್ತಾರೆ, ಎಣಿಕೆ ಬಿಡುವುದಿಲ್ಲ. ನಮ್ಮಪ್ಪ ಹಾಗೆ ಅಳೆದಿದ್ದೆಲ್ಲ ಬೇರೆಯವರ ಕಣಜಕ್ಕೆ ಹೋಯಿತು. ಈ ಹತ್ತು ಉಸಿರು ಮಾತ್ರ ನಮ್ಮ ಮನೆಗೇ ಬರುತ್ತದೆ. ಉಸಿರು ಒಳಗೆ ಬಂದು ಹೊರಗೆ ಹೋದರೆ ಒಂದು. ನಾಲ್ಕರಲ್ಲಿ ತಪ್ಪಿ ಸಾಲದ ಕಂತಿನ ಯೋಚನೆಗೆ ಹೋದಿರಾ, ಬೈದುಕೊಳ್ಳದೆ ಮತ್ತೆ ಒಂದರಿಂದ ಶುರು ಮಾಡಿ. ನಾನು ಮೊದಲ ತಿಂಗಳು ಹತ್ತು ತಲುಪಿದ್ದು ತೀರಾ ಅಪರೂಪಕ್ಕೆ.

ಇನ್ನೊಂದು ತೊಂದರೆ, ಪ್ರಯತ್ನ ಜಾಸ್ತಿಯಾಗುವುದು. ಪರೀಕ್ಷೆ ಬರೆದು ಮೇಲೆ ಬಂದ ನಮ್ಮಂಥವರಿಗೆ ಇದು ದೊಡ್ಡ ರೋಗ, ಇಲ್ಲೂ ರ್‍ಯಾಂಕ್ ಬೇಕು. ಸೋಣ ಎಂಬ ಭಿಕ್ಷು ಕಾಲಿನಿಂದ ರಕ್ತ ಸುರಿಯುವಷ್ಟು ನಡೆದು ಸಾಧನೆ ಮಾಡಿ ಸೋತು ಕೂತಿದ್ದ. ಹಿಂದೆ ವೀಣೆ ನುಡಿಸುತ್ತಿದ್ದವನು ಅವನು. ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದ ಬರುತ್ತದೆಯೇ ಎಂದು ಭಗವಾನರು ಕೇಳಿದ ಮೇಲೆ ಅವನಿಗೆ ತಿಳಿಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವರಿಗೆ ಕಣ್ಣು ಮುಚ್ಚಿದ ಕೂಡಲೇ ಹಳೆಯ ಹೊಡೆತ, ಹಳೆಯ ಅವಮಾನ ಎದ್ದು ಬರುತ್ತವೆ. ನಮ್ಮ ಜನರಲ್ಲಿ ಅಂಥವು ಕಡಿಮೆಯಿಲ್ಲ. ಆಗ ಹಟ ಮಾಡಿ ಕೂರಬೇಡಿ. ಕಣ್ಣು ತೆರೆಯಿರಿ, ಪಾದದ ಕೆಳಗಿನ ನೆಲವನ್ನು ಒತ್ತಿ ನೋಡಿ, ಎದುರಿನ ಗೋಡೆ ನೋಡಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ನಂಬಿಕಸ್ಥರ ಹತ್ತಿರ ಮಾತಾಡಿ. ಬಿ.ಪಿ., ನಿದ್ದೆ, ಆತಂಕಕ್ಕೆ ಡಾಕ್ಟರು ಕೊಟ್ಟ ಮಾತ್ರೆಯನ್ನು ಧ್ಯಾನ ಶುರು ಮಾಡಿದೆ ಎಂದು ನಿಲ್ಲಿಸಬೇಡಿ. ಅಸ್ತಮಾ ಇದ್ದವರು ಉಸಿರು ಬಿಗಿ ಹಿಡಿಯುವ ಯಾವ ಕಸರತ್ತಿಗೂ ಹೋಗಬೇಡಿ.

ನನಗೇನಾಯಿತು ಎಂದು ಕೇಳಿದರೆ, ದೊಡ್ಡದೇನೂ ಇಲ್ಲ. ಹೋದ ವರ್ಷ ಸ್ಟಾಫ್ ರೂಮಿನಲ್ಲಿ ಅದೇ ಕೋಟಾ ಮಾತು ಮತ್ತೆ ಬಂತು. ಹೊಟ್ಟೆ ಮತ್ತೆ ಕಲ್ಲಾಯಿತು, ಆದರೆ ಈ ಸಲ ಅದು ಆಗುತ್ತಿರುವುದು ನನಗೆ ಗೊತ್ತಾಯಿತು. ಮೂರು ಉಸಿರು ಬಿಟ್ಟೆ. ಆಮೇಲೆ ದನಿ ಏರಿಸದೆ, "ಮೀಸಲಾತಿ ನನಗೆ ಸಂವಿಧಾನ ಕೊಟ್ಟ ಹಕ್ಕು ಸರ್, ಅದರ ಬಗ್ಗೆ ಮಾತಾಡೋದಾದ್ರೆ ಕೂತು ಮಾತಾಡೋಣ, ತಮಾಷೆ ಬೇಡ" ಎಂದೆ. ಅವರು ಏನೋ ಹೇಳಿ ಹಾಜರಿ ಪುಸ್ತಕ ತಗೊಂಡು ಎದ್ದು ಹೋದರು. ಬದಲಾದರೋ ಇಲ್ಲವೋ ಗೊತ್ತಿಲ್ಲ. ನಾನು ಆ ರಾತ್ರಿ ನಿದ್ದೆ ಮಾಡಿದೆ. ಸಂಜೆ ಮಗಳ ಗಣಿತದ ಲೆಕ್ಕ ತಪ್ಪಿದಾಗ ಕೂಗಾಡಲಿಲ್ಲ.

ಆ ಹುಡುಗನೂ ಅವನ ಗೆಳೆಯರೂ ಈ ಭಾನುವಾರ ಬರುತ್ತಾರಂತೆ. ಕ್ಷೌರದಂಗಡಿಯ ವಿಷಯವಾಗಿ ತಹಸೀಲ್ದಾರರಿಗೂ ಸಮಾಜ ಕಲ್ಯಾಣ ಇಲಾಖೆಗೂ ಕೊಡುವ ಅರ್ಜಿಯನ್ನು ಅಂದೇ ಬರೆಯೋಣ. ಬೆಳಿಗ್ಗೆ ಹತ್ತಕ್ಕೆ ತ್ರಿಸರಣ ಪಂಚಶೀಲ, ಆಮೇಲೆ ಹತ್ತು ನಿಮಿಷ ಕೂರುವುದು, ಆಮೇಲೆ ಅರ್ಜಿ. ಬರುವವರು ಮನೆಯಿಂದ ಒಂದೊಂದು ಬೆಡ್‌ಶೀಟ್ ತನ್ನಿ, ಹಾಲಿನ ನೆಲ ತುಂಬಾ ತಣ್ಣಗಿದೆ.

ಜೈಭೀಮ್. ನಮೋ ಬುದ್ಧಾಯ.