ವಿದ್ಯುತ್ ಸ್ಕೂಟರಿನ ಗುಣವೂ ಅಪಾಯವೂ

ಬೆಂಗಳೂರಿನ ಬೀದಿಗಳಲ್ಲಿ ಇಂದು ನಾವು ವಿದ್ಯುತ್ ಸ್ಕೂಟರುಗಳನ್ನು ಧಾರಾಳವಾಗಿ ಕಾಣುತ್ತೇವೆ. ಅವು ಹೊಗೆ ಉಗುಳುವುದಿಲ್ಲ, ಸದ್ದೂ ಅತ್ಯಲ್ಪ. ಪೆಟ್ರೋಲ್ ಎಂಜಿನ್ನು ವೇಗವಾಗಿ ತಿರುಗತೊಡಗಿದ ಮೇಲಷ್ಟೇ ತನ್ನ ಪೂರ್ಣಬಲವನ್ನು ತೋರುತ್ತದೆ. ವಿದ್ಯುತ್ ಮೋಟಾರಾದರೋ ನಿಂತಲ್ಲಿಂದಲೇ ಅದನ್ನು ಕೊಡಬಲ್ಲದು. ಆದರೆ ಈ ಗುಣಗಳಲ್ಲಿಯೇ ಅಪಾಯವೂ ಅಡಗಿದೆ. ರಸ್ತೆ ದಾಟುವವರಿಗೆ ವಾಹನದ ಸುಳಿವು ಸಿಕ್ಕದು. ಸವಾರನಿಗೆ ತನ್ನ ವೇಗದ ಅರಿವಾಗದು.

ಒಂದು ಲೆಕ್ಕವನ್ನು ಮಾಡೋಣ. ಅಡ್ಡಿಯನ್ನು ಕಂಡು ಬ್ರೇಕು ಹಿಡಿಯಲು 1 ಸೆಕೆಂಡು ಬೇಕು, ಆ ಬಳಿಕ ವೇಗವು ಸೆಕೆಂಡಿಗೆ 18 ಕಿಲೋಮೀಟರಿನಂತೆ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 25 ಕಿಲೋಮೀಟರ್ ವೇಗದ ಸ್ಕೂಟರು ನಿಲ್ಲಲು ಸುಮಾರು 12 ಮೀಟರ್ ಬೇಕು. 50 ಕಿಲೋಮೀಟರಿಗೆ 33 ಮೀಟರ್. ವೇಗವು ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಬ್ರೇಕು ಹಿಡಿದ ಮೇಲೆ ಸಾಗುವ ದೂರವೂ ಅಷ್ಟೇ. ಮಳೆಯಲ್ಲಿ ಅದು ಇನ್ನೂ ಹೆಚ್ಚು. ಆದುದರಿಂದ ಸವಾರನು ವೇಗವನ್ನು ಕಿವಿಯಿಂದಲ್ಲ, ವೇಗಮಾಪಕದಿಂದ ತಿಳಿಯಬೇಕು.