ಕರಡಿಗೊಂಬೆಯನ್ನು ಕೈಯಿಂದ ಹೊಲಿಯುವ ಬಗೆ



ಟೆಡ್ಡಿ ಕರಡಿಯೆಂಬ ಗೊಂಬೆಯನ್ನು ಕಾಣದವರು ನಮ್ಮ ನಗರದಲ್ಲಿ ಯಾರೂ ಇರಲಾರರು. ಅಂಗಡಿಯ ಬಾಗಿಲಿನಲ್ಲಿಯೂ ರೈಲುನಿಲ್ದಾಣದ ಹೊರಗಿನ ಕಾಲುದಾರಿಯಲ್ಲಿಯೂ ಅದು ಸಾಲುಸಾಲಾಗಿ ತೂಗಾಡುತ್ತಿರುತ್ತದೆ. ಕೊಂಡು ತಂದ ದಿನ ಮನೆಯಲ್ಲಿ ಹಬ್ಬ; ತಿಂಗಳು ಕಳೆಯುವುದರೊಳಗೆ ಎಷ್ಟೋ ಗೊಂಬೆಗಳ ಕಂಕುಳಿನ ಹೊಲಿಗೆ ಬಿಚ್ಚಿ ಒಳಗಿನ ಅರಳೆ ಹೊರಗೆ ಇಣುಕತೊಡಗುತ್ತದೆ. ಕಳೆದ ವರ್ಷ ನಮ್ಮ ನೆರೆಮನೆಯ ಒಂದೂವರೆ ವರ್ಷದ ಮಗುವಿನ ಕೈಯಲ್ಲಿದ್ದ ಇಂತಹದೊಂದು ಕರಡಿಯ ಕಣ್ಣು ಕಿತ್ತುಬಂದು ಮಗುವಿನ ಬಾಯಿಯನ್ನು ಸೇರಿತ್ತು. ತುಟಿಯ ಅಂಚಿನಲ್ಲಿಯೇ ಹೊಳೆಯುತ್ತಿದ್ದ ಅದನ್ನು ಅಜ್ಜಿ ಕಂಡು ತೆಗೆದುದರಿಂದ ಅನಾಹುತ ತಪ್ಪಿತು. ಗೊಂಬೆಯನ್ನು ತಿರುಗಿಸಿ ನೋಡಿದೆ. ಆ ಕಣ್ಣನ್ನು ಹಿಡಿದಿದ್ದುದು ಎರಡೇ ಎರಡು ಎಳೆಯ ದಾರ! ಹೊರಗಿನಿಂದ ನೋಡುವವರಿಗೆ ಅದು ತಿಳಿಯುವಂತಿರಲಿಲ್ಲ.

ಗೊಂಬೆಯ ಅಂದವು ಮುಖದಲ್ಲಿದೆ. ಆದರೆ ಅದರ ಗುಣವು ಕಣ್ಣಿಗೆ ಕಾಣದ ಭಾಗದಲ್ಲಿದೆ. ಹೊಲಿಗೆಯ ಒಳಮಗ್ಗುಲು, ಕೀಲಿನ ಬಿಲ್ಲೆ, ಮೂತಿಯ ತುದಿಗೆ ತುರುಕಿದ ಅರಳೆ, ಕಣ್ಣಿನ ಹಿಂದಿನ ಗಂಟು, ಇವು ಸರಿಯಾಗಿದ್ದರೆ ಗೊಂಬೆ ಬಾಳುತ್ತದೆ. ಈ ಪಾಠವನ್ನು ಓದುವಾಗ ಇದೊಂದನ್ನು ನೆನಪಿನಲ್ಲಿಡಿರಿ.

ಹುಟ್ಟಿದ ಬಗೆ

1902ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟರು ಮಿಸಿಸಿಪಿ ಪ್ರಾಂತದಲ್ಲಿ ಬೇಟೆಗೆ ಹೋಗಿದ್ದರು. ಅವರಿಗೆ ಬೇಟೆ ದೊರೆಯದಿರಲು, ಜೊತೆಯವರು ಕರಡಿಯೊಂದನ್ನು ಹಿಡಿದು ಮರಕ್ಕೆ ಕಟ್ಟಿಹಾಕಿ ಅವರನ್ನು ಕರೆದರು. ಕಟ್ಟಿದ ಪ್ರಾಣಿಗೆ ಗುಂಡು ಹಾರಿಸುವುದು ಧರ್ಮವಲ್ಲವೆಂದು ಅವರು ನಿರಾಕರಿಸಿದರು. ಬಹಳ ಗಾಯಗೊಂಡಿದ್ದ ಆ ಕರಡಿ ಮಾತ್ರ ಬದುಕಲಿಲ್ಲ. ಅದರ ನೋವನ್ನು ಕೊನೆಗಾಣಿಸುವಂತೆ ಅವರೇ ಹೇಳಬೇಕಾಯಿತು. ಕ್ಲಿಫರ್ಡ್ ಬೆರಿಮನ್ ಎಂಬ ಚಿತ್ರಕಾರರು ಈ ಪ್ರಸಂಗವನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರವಾಗಿ ಬರೆದರು. ಅದನ್ನು ಕಂಡ ಮೋರಿಸ್ ಮಿಚ್ಟಮ್ ಎಂಬ ಬ್ರೂಕ್ಲಿನ್ ನಗರಭಾಗದ ಅಂಗಡಿಕಾರರೂ ಅವರ ಪತ್ನಿ ರೋಸ್ ಅವರೂ ಬಟ್ಟೆಯ ಕರಡಿಯೊಂದನ್ನು ಮಾಡಿ ಮಾರಾಟಕ್ಕಿಟ್ಟರು. ರೂಸ್‌ವೆಲ್ಟರನ್ನು ಜನ ಕರೆಯುತ್ತಿದ್ದ ‘ಟೆಡ್ಡಿ’ ಎಂಬ ಹೆಸರು ಗೊಂಬೆಗೆ ಅಂಟಿಕೊಂಡಿತು.

ಅದೇ ಕಾಲದಲ್ಲಿ ಜರ್ಮನಿಯ ಗೀಂಗೆನ್ ಎಂಬ ಚಿಕ್ಕ ಊರಿನಲ್ಲಿಯೂ ಇಂತಹುದೇ ಕರಡಿ ಸಿದ್ಧವಾಗುತ್ತಿತ್ತು. ಅಲ್ಲಿಯ ಆಟಿಕೆಯ ಕಾರ್ಯಾಲಯದ ಒಡತಿ ಮಾರ್ಗರೆಟೆ ಸ್ಟೈಫ್. 1847ರಲ್ಲಿ ಜನಿಸಿದ ಆಕೆ ಇನ್ನೂ ಎರಡು ವರ್ಷ ತುಂಬುವ ಮೊದಲೇ ಪೋಲಿಯೊ ರೋಗಕ್ಕೆ ತುತ್ತಾಗಿ ನಡೆಯುವ ಶಕ್ತಿಯನ್ನು ಕಳೆದುಕೊಂಡಳು, ಬಲಗೈಯೂ ದುರ್ಬಲವಾಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಹೊಲಿಗೆ ಕಲಿತಳು. ಹೊಲಿಗೆ ಯಂತ್ರದ ಚಕ್ರವನ್ನು ಬಲಗೈಯಿಂದ ತಿರುಗಿಸಲಾಗದೆ, ಯಂತ್ರವನ್ನೇ ಹಿಂದುಮುಂದಾಗಿ ಇರಿಸಿಕೊಂಡು ಎಡಗೈಯಿಂದ ನಡೆಸುತ್ತಿದ್ದಳೆಂದು ಹೇಳುತ್ತಾರೆ. ಸೂಜಿ ಚುಚ್ಚಿಡುವುದಕ್ಕೆಂದು ಫೆಲ್ಟ್ ಬಟ್ಟೆಯಿಂದ ಆಕೆ ಹೊಲಿದ ಪುಟ್ಟ ಆನೆಗಳನ್ನು ಮಕ್ಕಳು ಆಟಕ್ಕೆ ಒಯ್ಯತೊಡಗಿದರು. ಆ ಆನೆಯೇ ಆಕೆಯ ಆಟಿಕೆ ಉದ್ಯಮಕ್ಕೆ ಬೀಜವಾಯಿತು. ಮುಂದೆ ಆಕೆಯ ಸೋದರನ ಮಗ ರಿಚರ್ಡ್ ಸ್ಟೈಫ್ ಎಂಬಾತನು 1902ರಲ್ಲಿ ಕೈಕಾಲು ಆಡಿಸಬಲ್ಲ ಕರಡಿಯೊಂದನ್ನು ರಚಿಸಿದನು. 1903ರ ಲೈಪ್ಸಿಗ್ ಮೇಳದಲ್ಲಿ ಅಮೆರಿಕದ ವರ್ತಕನೊಬ್ಬನು ಅಂತಹ 3,000 ಕರಡಿಗಳನ್ನು ಬೇಡಿದನು. ನಾಲ್ಕೇ ವರ್ಷಗಳಲ್ಲಿ, ಅಂದರೆ 1907ರಲ್ಲಿ, ಅಲ್ಲಿ ತಯಾರಾದ ಕರಡಿಗಳ ಸಂಖ್ಯೆ ಒಂಬತ್ತು ಲಕ್ಷವನ್ನು ಮೀರಿತು.

ಬೇಕಾಗುವ ಸಾಮಗ್ರಿಗಳು

ಹಳೆಯ ಕರಡಿಗಳ ಚರ್ಮ ಮೊಹೇರ್ ಬಟ್ಟೆಯದು. ಅಂಗೋರಾ ಎಂಬ ಜಾತಿಯ ಆಡಿನ ಕೂದಲಿನಿಂದ ಇದನ್ನು ನೇಯುತ್ತಾರೆ. ಗಟ್ಟಿಯಾದ ಹತ್ತಿಯ ನೆಯ್ಗೆಯ ಮೇಲೆ ಕೂದಲಿನ ಜೂಲು ಎದ್ದು ನಿಲ್ಲುವಂತೆ ಮಾಡಿರುವುದರಿಂದ ಅದಕ್ಕೆ ಹೊಳಪೂ ಬಾಳಿಕೆಯೂ ಉಂಟು. ಆದರೆ ಬೆಲೆ ಬಹಳ. ಮೊದಲ ಸಲ ಮಾಡುವವರಿಗೆ ಕೃತಕ ನೂಲಿನ ಜೂಲುಬಟ್ಟೆಯೇ ಸಾಕು. ಮುಂಬಯಿಯ ಮಂಗಳದಾಸ್ ಮಾರುಕಟ್ಟೆಯಂತಹ ಬಟ್ಟೆಪೇಟೆಗಳಲ್ಲಿ ವಿಚಾರಿಸಿರಿ. ಕೊಳ್ಳುವಾಗ ಬಟ್ಟೆಯ ಹಿಂಬದಿಯನ್ನು ನೋಡಬೇಕು. ಎರಡು ಕೈಗಳಿಂದ ಎಳೆದಾಗ ರಬ್ಬರಿನಂತೆ ಹಿಗ್ಗುವ ಬಟ್ಟೆ ಬೇಡ. ಅರಳೆ ತುಂಬಿದಾಗ ಕರಡಿ ಕುಂಬಳಕಾಯಿಯಾಗುತ್ತದೆ. ಒಂದು ಅಡಿ ಎತ್ತರದ ಕರಡಿಗೆ 140 ಸೆಂ. ಮೀ. ಅಗಲದ ಬಟ್ಟೆ ಕಾಲು ಮೀಟರಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ಅಂಗೈ ಅಂಗಾಲುಗಳಿಗೆ ಸ್ವಲ್ಪ ಫೆಲ್ಟ್ ಇರಲಿ.

ಒಳಗೆ ತುಂಬುವ ವಸ್ತುವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮೊದಲ ಕರಡಿಗಳಿಗೆ ಮರವನ್ನು ಎಳೆಎಳೆಯಾಗಿ ಹೆರೆದ ಹೊಟ್ಟನ್ನು ತುಂಬುತ್ತಿದ್ದರು. ಒತ್ತಿದರೆ ಅವು ಕರಕರನೆ ಸದ್ದು ಮಾಡುತ್ತವೆ. ತರುವಾಯ ಕೇಪಾಕ್ ಎಂಬ ಮರದ ಹತ್ತಿ ಬಂದಿತು. ಊರಿನಲ್ಲಿ ಅಜ್ಜಿಯರು ದಿಂಬಿಗೆ ತುಂಬುವ ಬೂರುಗದ ಅರಳೆಯನ್ನು ನೀವು ಬಲ್ಲಿರಷ್ಟೆ. ಕೇಪಾಕ್ ಅದರ ಹತ್ತಿರದ ನೆಂಟ. ಅದು ಬಲು ಹಗುರ, ನೀರನ್ನು ಬೇಗ ಹೀರದು. ಆದುದರಿಂದಲೇ ಹಿಂದೆ ಹಡಗಿನವರ ಜೀವರಕ್ಷಕ ಅಂಗಿಗಳಿಗೂ ಅದನ್ನು ತುಂಬುತ್ತಿದ್ದರು. ಆದರೆ ಬೆಂಕಿ ಬೇಗ ಹತ್ತುತ್ತದೆ; ತುಂಬುವಾಗ ಧೂಳಿನಂತೆ ಹಾರಿ ಮೂಗನ್ನು ಸೇರುತ್ತದೆ. ಸಾಧಾರಣ ಹತ್ತಿಯ ಅರಳೆ ಮಳೆಗಾಲದ ತೇವವನ್ನು ಹೀರಿ ಗಂಟುಕಟ್ಟುತ್ತದೆ. ಇಂದು ಹೆಚ್ಚಾಗಿ ಬಳಸುವುದು ಪಾಲಿಯೆಸ್ಟರ್ ಅರಳೆ. ಒಗೆದರೆ ಬೇಗ ಒಣಗುವುದರಿಂದ ಚಿಕ್ಕ ಮಕ್ಕಳ ಗೊಂಬೆಗೆ ಅದೇ ಯೋಗ್ಯ.

ಇವಲ್ಲದೆ ಗಟ್ಟಿ ದಾರ, ಅದಕ್ಕೆ ಸವರಲು ಜೇನುಮೇಣ, ಗುಂಡುಸೂಜಿಗಳು, ಉದ್ದನೆಯ ಸೂಜಿಯೊಂದು, ದಬ್ಬಣ, ಮೊನಚಾದ ಚಿಕ್ಕ ಕತ್ತರಿ, ಇಕ್ಕುಳ, ಮೂಗಿಗೆ ಕಪ್ಪು ಕಸೂತಿ ದಾರ ಇವಿಷ್ಟು ಬೇಕು.

ಕತ್ತರಿಸುವ ಕ್ರಮ

ಕರಡಿಯ ಮಾದರಿಯನ್ನು ಮೊದಲು ರಟ್ಟಿನ ಮೇಲೆ ಬರೆದುಕೊಳ್ಳಿರಿ. ತಲೆಗೆ ಮೂರು ತುಂಡುಗಳು: ಎರಡು ಪಕ್ಕೆಗಳು, ಮೂಗಿನಿಂದ ಹಿಂದಲೆಯವರೆಗೆ ನಡುವೆ ಬರುವ ಒಂದು ಪಟ್ಟಿ. ಕಿವಿಗೆ ನಾಲ್ಕು, ಮೈಗೆ ಎರಡು, ತೋಳಿಗೆ ನಾಲ್ಕು, ಕಾಲಿಗೆ ನಾಲ್ಕು. ಫೆಲ್ಟಿನಿಂದ ಅಂಗೈ ಎರಡು, ಅಂಗಾಲು ಎರಡು. ಒಟ್ಟು 21 ತುಂಡುಗಳು.

ಬಟ್ಟೆಯನ್ನು ಕೈಯಿಂದ ಸವರಿ ಜೂಲು ಯಾವ ಕಡೆಗೆ ಮಲಗುತ್ತದೆಂದು ತಿಳಿದು, ಹಿಂಬದಿಯಲ್ಲಿ ಬಾಣದ ಗುರುತು ಹಾಕಿರಿ. ಎಲ್ಲ ತುಂಡುಗಳ ಜೂಲೂ ಕೆಳಮುಖವಾಗಿರಬೇಕು. ಇಲ್ಲದಿದ್ದರೆ ಒಂದು ತೋಳು ಬಾಚಿದಂತೆಯೂ ಇನ್ನೊಂದು ಕೆದರಿದಂತೆಯೂ ಕಾಣುವುದು. ಜೋಡಿ ತುಂಡುಗಳಲ್ಲಿ ಒಂದನ್ನು ಬರೆದ ಮೇಲೆ ರಟ್ಟನ್ನು ಮಗುಚಿ ಇನ್ನೊಂದನ್ನು ಬರೆಯಬೇಕು. ನಮ್ಮ ತರಗತಿಯ ಮೊದಲ ಕರಡಿಯಲ್ಲಿ ಇದನ್ನು ಮರೆತುದರಿಂದ ಅದಕ್ಕೆ ಎರಡೂ ಎಡಗಾಲುಗಳೇ ಆದವು! ಕತ್ತರಿಸುವಾಗ ಕತ್ತರಿಯ ತುದಿಯನ್ನು ಹಿಂಬದಿಯ ನೆಯ್ಗೆಗೆ ಮಾತ್ರ ತಾಗಿಸಿ ಚಿಕ್ಕ ಚಿಕ್ಕದಾಗಿ ಕತ್ತರಿಸಿರಿ. ಜೂಲು ಕತ್ತರಿಸಿಹೋದರೆ ಹೊಲಿಗೆಯ ಉದ್ದಕ್ಕೂ ಬೋಳುಗೆರೆ ಉಳಿಯುತ್ತದೆ.

ಹೊಲಿಗೆ

ತುಂಡುಗಳ ಜೂಲುಬದಿಗಳು ಎದುರುಬದುರಾಗುವಂತೆ ಇರಿಸಿ, ಅಂಚಿನ ಕೂದಲನ್ನು ಒಳಗೆ ತಳ್ಳಿ, ಗುಂಡುಸೂಜಿ ಚುಚ್ಚಿ ಮೊದಲು ಕಚ್ಚಾ ಹೊಲಿಗೆ ಹಾಕಬೇಕು. ಅನಂತರ ಅಂಚಿನಿಂದ 6 ಮಿ. ಮೀ. ಒಳಗೆ ಬ್ಯಾಕ್ ಸ್ಟಿಚ್ ಹೊಲಿಗೆ, ಅಂದರೆ ಪ್ರತಿಸಲವೂ ಒಂದು ಹೆಜ್ಜೆ ಹಿಂದಕ್ಕೆ ಬಂದು ಎರಡು ಹೆಜ್ಜೆ ಮುಂದಕ್ಕೆ ಹೋಗುವ ಹೊಲಿಗೆ. ಕೆಲಸ ನಿಧಾನವೆಂದು ಬೇಸರಪಡಬೇಡಿರಿ. ಕಚ್ಚಾ ಹೊಲಿಗೆಯ ಒಂದು ಎಳೆ ತುಂಡಾದರೆ ಸಾಲೆಲ್ಲ ಬಿಚ್ಚುತ್ತದೆ. ಇದರಲ್ಲಿ ಒಂದು ಕಡೆ ತುಂಡಾದರೂ ಹಿಂದಿನ ಹೆಜ್ಜೆ ಹಿಡಿದಿರುತ್ತದೆ. ಕಂಕುಳು, ಕುತ್ತಿಗೆ, ತೊಡೆಯ ಸಂದುಗಳಲ್ಲಿ ಎರಡು ಸಲ ಹೊಲಿಯಿರಿ. ಮಗು ಗೊಂಬೆಯನ್ನು ಹಿಡಿದು ಎಳೆಯುವುದು ಅಲ್ಲಿಯೇ ಅಲ್ಲವೇ?

ಮೈಗೆ ಬೆನ್ನಿನಲ್ಲಿಯೂ ಕೈಕಾಲುಗಳಿಗೆ ಹಿಂಬದಿಯಲ್ಲಿಯೂ ಅರಳೆ ತುಂಬಲು ಬಾಯಿ ಬಿಟ್ಟು, ಒಳಮೈಯನ್ನು ಹೊರಮೈಯಾಗಿ ಮಗುಚಬೇಕು. ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ದಬ್ಬಣದ ತುದಿಯಿಂದ ಎಬ್ಬಿಸಿದರೆ ಹೊಲಿಗೆ ಎಲ್ಲಿದೆಯೆಂದೇ ತಿಳಿಯದು.

ಕೀಲುಗಳು

ಮೊದಲ ಕರಡಿಗಳ ಕೈಕಾಲುಗಳನ್ನು ದಾರದಿಂದ ಕಟ್ಟುತ್ತಿದ್ದರು. ದಾರ ಬೇಗ ಸಡಿಲವಾಗುತ್ತಿತ್ತು. ಬಳಿಕ ಲೋಹದ ಕಂಬಿಯನ್ನು ಪ್ರಯತ್ನಿಸಿದರು. ಗೊಂಬೆ ಭಾರವೂ ಬಿರುಸೂ ಆಯಿತು. 1905ರ ಸುಮಾರಿಗೆ ರಟ್ಟಿನ ಬಿಲ್ಲೆಯ ಕೀಲನ್ನು ಕಂಡುಕೊಂಡರು. ಇಂದಿಗೂ ಕೈಯಿಂದ ಮಾಡುವವರು ಆ ಕ್ರಮವನ್ನೇ ಅನುಸರಿಸುತ್ತಾರೆ.

ಕುತ್ತಿಗೆಗೆ ಒಂದು, ತೋಳುಗಳಿಗೆ ಎರಡು, ಕಾಲುಗಳಿಗೆ ಎರಡು, ಹೀಗೆ ಕೀಲುಗಳು ಐದು. ಒಂದೊಂದಕ್ಕೆ ಗಟ್ಟಿಹಲಗೆಯ ಎರಡು ಬಿಲ್ಲೆ, ಎರಡು ವಾಷರು, ಎರಡು ಕಾಲುಗಳುಳ್ಳ ಒಂದು ಸೀಳುಪಿನ್ನು. ಪಿನ್ನನ್ನು ವಾಷರು ಮತ್ತು ಬಿಲ್ಲೆಯ ಮೂಲಕ ತೂರಿಸಿ, ಬಿಲ್ಲೆಯನ್ನು ತೋಳಿನ ಒಳಗಿಟ್ಟು, ಪಿನ್ನಿನ ಕಾಲುಗಳು ತೋಳಿನ ಒಳಪಕ್ಕದಿಂದ ಹೊರಬರುವಂತೆ ಮಾಡಿರಿ. ತೋಳಿಗೆ ಅರಳೆ ತುಂಬಿ ಬಾಯಿ ಹೊಲಿದ ಮೇಲೆ ಪಿನ್ನನ್ನು ಮೈಯ ರಂಧ್ರದಲ್ಲಿ ತೂರಿಸಿ, ಮೈಯ ಒಳಗಿನಿಂದ ಎರಡನೆಯ ಬಿಲ್ಲೆಯನ್ನೂ ವಾಷರನ್ನೂ ಸೇರಿಸಿ, ಪಿನ್ನಿನ ಎರಡು ಕಾಲುಗಳನ್ನು ಇಕ್ಕುಳದಿಂದ ಒಂದನ್ನು ಆ ಕಡೆಗೂ ಒಂದನ್ನು ಈ ಕಡೆಗೂ ಬಿಗಿಯಾಗಿ ಸುರುಳಿ ಸುತ್ತಬೇಕು. ಕೀಲು ಮೊದಲಿಗೆ ಸ್ವಲ್ಪ ಬಿಗಿಯೇ ಇರಲಿ. ಆಡುತ್ತಾ ಆಡುತ್ತಾ ಅದು ಸಡಿಲಗೊಳ್ಳುತ್ತದೆ. ತಲೆಗೆ ಮಾತ್ರ ಅರಳೆ ತುಂಬಿದ ಮೇಲೆ ಬಿಲ್ಲೆಯನ್ನಿಟ್ಟು, ಕುತ್ತಿಗೆಯ ಅಂಚನ್ನು ಗಟ್ಟಿ ದಾರದಿಂದ ಅದರ ಸುತ್ತ ನೆರಿಗೆಯಾಗಿ ಬಿಗಿಯಬೇಕು. ಪುಟ್ಟ ಶಿಶುಗಳಿಗೆಂದು ಮಾಡುವುದಾದರೆ ಲೋಹದ ಕೀಲೇ ಬೇಡ. ಕೈಕಾಲುಗಳನ್ನು ಮೈಗೇ ಹೊಲಿದುಬಿಡಿರಿ.

ಅರಳೆ ತುಂಬುವುದು

ಅರಳೆಯನ್ನು ಬಿಡಿಸಿ ನೆಲ್ಲಿಕಾಯಿ ಗಾತ್ರದ ತುಣುಕುಗಳಾಗಿ ಮಾಡಿಕೊಳ್ಳಿರಿ. ಹಿಡಿಹಿಡಿಯಾಗಿ ತುರುಕಿದರೆ ಗಂಟುಗಂಟಾಗುತ್ತದೆ. ದೂರದ ತುದಿಯಿಂದ ಪ್ರಾರಂಭಿಸಬೇಕು: ತಲೆಯಲ್ಲಿ ಮೂತಿಯ ತುದಿ, ಕಾಲಿನಲ್ಲಿ ಪಾದ, ತೋಳಿನಲ್ಲಿ ಅಂಗೈ. ಮೂತಿ ಕಲ್ಲಿನಂತೆ ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ ಮೂಗಿನ ಕಸೂತಿ ನಿಲ್ಲದು. ಎಲ್ಲಕ್ಕೂ ಕೊನೆಗೆ ಮೈಯನ್ನು ತುಂಬಿ ಬೆನ್ನನ್ನು ಹೊಲಿಯಬೇಕು. ಎರಡು ಅಂಚುಗಳಲ್ಲಿ ಒಂದೊಂದು ಹೆಜ್ಜೆ ಬಟ್ಟೆಯನ್ನು ಸೂಜಿಗೆ ತೆಗೆದುಕೊಳ್ಳುತ್ತಾ ಏಣಿಯ ಮೆಟ್ಟಿಲಿನಂತೆ ಹೊಲಿದು ಎಳೆದರೆ ದಾರ ಒಳಗೆ ಮರೆಯಾಗುತ್ತದೆ.

ಮುಖ

ಕರಡಿಗೆ ಜೀವ ಬರುವುದು ಇಲ್ಲಿ. ಮೂತಿಯ ಸುತ್ತ ಜೂಲನ್ನು ಕತ್ತರಿಯಿಂದ ಮೆಲ್ಲಗೆ ತಗ್ಗಿಸಿರಿ. ಕಿವಿ ಕಣ್ಣುಗಳ ಸ್ಥಾನದಲ್ಲಿ ಗುಂಡುಸೂಜಿ ಚುಚ್ಚಿ ದೂರದಿಂದ ನೋಡಿರಿ. ಕಣ್ಣು ಒಂದು ಅಂಗುಲ ಸರಿದರೆ ಮುಗ್ಧ ಕರಡಿ ಗದರುವ ಕರಡಿಯಾಗುತ್ತದೆ. ಮೂಗನ್ನು ಕಪ್ಪು ದಾರದಿಂದ ಎಳೆಗಳು ಒಂದಕ್ಕೊಂದು ತಾಗುವಂತೆ ಒತ್ತಾಗಿ ತುಂಬಬೇಕು. ಗಾಜಿನ ಕಣ್ಣಾದರೆ ಅದರ ಹಿಂದಿನ ತಂತಿಯ ಕೊಂಡಿಗೆ ಮೇಣ ಸವರಿದ ಜೋಡಿ ದಾರ ಕಟ್ಟಿ, ಉದ್ದ ಸೂಜಿಯಿಂದ ತಲೆಯ ಹಿಂಬದಿಗೆ ಎಳೆದು, ಹಲವು ಗಂಟು ಹಾಕಿ ದಾರದ ತುದಿಯನ್ನು ಒಳಗೆ ಅಡಗಿಸಬೇಕು.

ಆದರೆ ಮೂರು ವರ್ಷದೊಳಗಿನ ಮಗುವಿಗೆ ಗಾಜೂ ಬೇಡ, ಗುಂಡಿಯೂ ಬೇಡ. ಕಣ್ಣನ್ನು ಕಪ್ಪು ದಾರದಿಂದಲೇ ಕಸೂತಿ ಹಾಕಿರಿ. ಕಿತ್ತುಬರುವ ವಸ್ತುವೇ ಇಲ್ಲದಿದ್ದರೆ ಭಯವೂ ಇಲ್ಲ.

ಕೊನೆಯ ಪರೀಕ್ಷೆ

ಕೆಲಸ ಪ್ರಾರಂಭಿಸುವಾಗ ಗುಂಡುಸೂಜಿಗಳನ್ನು ಎಣಿಸಿ ಬರೆದಿಡಿರಿ. ಮುಗಿದಾಗ ಮತ್ತೆ ಎಣಿಸಿರಿ. ಒಂದು ಕಡಿಮೆಯಾದರೂ, ಅದು ಸಿಕ್ಕುವವರೆಗೆ ಕರಡಿಯನ್ನು ಯಾರ ಕೈಗೂ ಕೊಡಕೂಡದು. ನಮ್ಮ ತರಗತಿಯ ಎರಡನೆಯ ಕರಡಿ ಸಿದ್ಧವಾದ ದಿನ 40 ಸೂಜಿಗಳಲ್ಲಿ 39 ಮಾತ್ರ ಇದ್ದವು. ಮೇಜಿನ ಕೆಳಗೆ ಹುಡುಕಿದೆವು, ಚೀಲ ಕೊಡವಿದೆವು, ಸಿಕ್ಕಲಿಲ್ಲ. ಹೊಲಿದ ಬೆನ್ನನ್ನು ಬಿಚ್ಚಲು ಬಾಲಿಕೆಯರಿಗೆ ಕಣ್ಣೀರು ಬಂದಿತು. ಬಿಚ್ಚಿದೆವು, ಎಡದೊಡೆಯ ಬಿಲ್ಲೆಯ ಪಕ್ಕದಲ್ಲಿಯೇ ಸೂಜಿ ಅಡಗಿತ್ತು.

ಮರುದಿನ ಅದೇ ಬೆನ್ನನ್ನು ಮತ್ತೆ ಹೊಲಿದರು. ಮೂರನೆಯ ಕರಡಿಯನ್ನು ಕೀಲಿಲ್ಲದೆ, ಕಸೂತಿಯ ಕಣ್ಣಿಟ್ಟು ಮಾಡಿದರು. ಅದು ಈಗ ನಮ್ಮ ನೆರೆಮನೆಯ ಮಗುವಿನ ಹತ್ತಿರವಿದೆ. ಅದರ ಒಂದು ಕಿವಿಯನ್ನು ಮಗು ಸದಾ ಕಚ್ಚುತ್ತಿರುತ್ತದೆ; ಹೊಲಿಗೆ ಇನ್ನೂ ಬಿಟ್ಟಿಲ್ಲ.